ಪೇಟಿ ಮಾಸ್ತರರು ಹಾಡಿದ ಸಿನಿಮಾ ಹಾಡು

ಹಾಡು ಅಂತರ್ಜಾಲಕ್ಕೆ ಏರಿದ ಮೂರನೆಯ ದಿನ ನಾನು ಹೊಸ ನೋಟ್‌ಬುಕ್ ಒಂದನ್ನು ತೆಗೆದು, ಅದರ ಪುಟಗಳಿಗೆ ನಾಲ್ಕು ಅಂಕಣಗಳನ್ನು ಎಳೆದೆ: ಕೇಳುಗರ ಊರು, ಆಕ್ಷೇಪ, ಆಕ್ಷೇಪದ ಕಾರಣ, ನಮ್ಮ ಉತ್ತರ. ಬೇರೆ ದಾರಿ ಇರಲಿಲ್ಲ. ನಮ್ಮ ಕೇಳುಗರಲ್ಲಿ ಹೆಚ್ಚಿನವರು ಅರವತ್ತು ದಾಟಿದವರು. ಅವರು ಟೈಪ್ ಮಾಡುವುದಿಲ್ಲ, ಮೊಬೈಲನ್ನು ತುಟಿಯ ಹತ್ತಿರ ಹಿಡಿದು ಮಾತನಾಡಿ ಕಳಿಸುತ್ತಾರೆ. ಆ ಧ್ವನಿ ಸಂದೇಶಗಳನ್ನು ಒಂದೊಂದಾಗಿ ಕೇಳಿ, ಹಿನ್ನೆಲೆಯ ಕೋಳಿ, ಕುಕ್ಕರು, ಮೊಮ್ಮಕ್ಕಳ ಗದ್ದಲಗಳನ್ನು ಕಳೆದು, ಉಳಿದ ಅರ್ಥವನ್ನು ಬರೆದುಕೊಳ್ಳುವುದು ನನ್ನ ಕೆಲಸವಾಗಿತ್ತು.

ಬೈಲಹೊಂಗಲದಲ್ಲಿ, ಬೀಜ ಗೊಬ್ಬರದ ಅಂಗಡಿಯೊಂದರ ಮಹಡಿಯ ಮೇಲೆ, ನಾನು ಕೆಲಸ ಮಾಡುವ ಧ್ವನಿಮುದ್ರಣ ಕೋಣೆ ಇದೆ. ಹಾಡುಗಳ ಸಾಹಿತ್ಯವನ್ನು ಕೇಳಿ ಬರೆದು ಶುದ್ಧ ಪ್ರತಿ ಮಾಡುವುದು, ಅನುಮತಿ ಪತ್ರಗಳನ್ನು ಬರೆಯುವುದು, ಕೇಳುಗರಿಗೆ ಉತ್ತರಿಸುವುದು ನನ್ನ ಪಾಲಿನವು. ಶಾಲೆಯ ಶಿಕ್ಷಕಿ ಕೆಲಸ ಬಿಟ್ಟರೂ ಕೆಂಪು ಪೆನ್ನು ಕೈಬಿಟ್ಟಿಲ್ಲ ಎಂದು ನಮ್ಮ ಧ್ವನಿ ತಂತ್ರಜ್ಞ ನನ್ನನ್ನು ಆಗಾಗ ಕೆಣಕುತ್ತಾನೆ. ಅವನು ಕಿತ್ತೂರಿನಿಂದ ದಿನವೂ ಬೈಕಿನ ಮೇಲೆ ಬರುವ, ಮೂವತ್ತೈದರ ಆಸುಪಾಸಿನ ಮನುಷ್ಯ. ಕಿವಿ ಸೂಕ್ಷ್ಮ, ಮಾತು ಒರಟು.

ಹಾಡಿದವರು ಪೇಟಿ ಮಾಸ್ತರರು. ನಮ್ಮ ಕಡೆ ಹಾರ್ಮೋನಿಯಮ್ಮಿಗೆ ಪೇಟಿ ಎನ್ನುತ್ತಾರೆ. ಅವರು ನಲವತ್ತೈದು ವರ್ಷಗಳಿಂದ ಬೈಲಹೊಂಗಲ, ಸವದತ್ತಿ, ರಾಮದುರ್ಗ, ಕಿತ್ತೂರು ಸೀಮೆಯ ಭಜನೆಗಳಲ್ಲಿ ಪೇಟಿ ಹಿಡಿದು ಹಾಡಿದವರು. ಅವರ ಹಳೆಯ ಕ್ಯಾಸೆಟ್ಟುಗಳನ್ನು ಇನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಇಟ್ಟುಕೊಂಡ ಮನೆಗಳಿವೆ. ಅವರ ಬಳಿ ಮಾತ್ರ ಉಳಿದಿರುವ ಇನ್ನೊಂದು ಆಸ್ತಿ, ಅವರ ಗುರುಗಳಿಂದ ಬಂದ ಆರು ಪದಗಳು, ಎಂದರೆ ಭಜನೆಯ ಹಾಡುಗಳು. ಅವುಗಳ ಧಾಟಿ ಬೇರೆ ಯಾರಿಗೂ ಬಾರದು. ಆ ಆರನ್ನೂ ಮುದ್ರಿಸಿ ಇಡಬೇಕೆಂಬುದು ನಮ್ಮ ಯೋಜನೆ. ಅದಕ್ಕೆ ಮೊದಲು ಜನರ ಕಿವಿ ಈ ಕಡೆ ತಿರುಗಲಿ ಎಂದು ಒಂದು ಹೊಸ ಸಿನಿಮಾ ಹಾಡನ್ನು ಮಾಸ್ತರರ ದನಿಯಲ್ಲಿ ತರಲು ನಿರ್ಧರಿಸಿದೆವು.

ಹಾಡನ್ನು ಆರಿಸಿದವರು ಅವರೇ. ಮದುವೆಯೊಂದರ ಧ್ವನಿವರ್ಧಕದಲ್ಲಿ ಅದನ್ನು ಕೇಳಿ ಊಟದ ಪಂಕ್ತಿಯಲ್ಲೇ ಗುನುಗಿದ್ದರಂತೆ. ಎಲ್ಲ ಬಸ್ಸುಗಳು ಹೋದ ಮೇಲೂ ನಿನಗಾಗಿ ನಿಲ್ದಾಣದಲ್ಲಿ ನಿಂತಿರುತ್ತೇನೆ ಎಂದು ತರುಣನೊಬ್ಬ ಹೇಳುವ ಹಾಡು ಅದು. "ಹುಡುಗಿಗೆ ಕಾದರೇನು, ದೇವರಿಗೆ ಕಾದರೇನು, ಕಾಯೂದು ಒಂದ ಅಲ್ಲೇನ್ರಿ ಅಕ್ಕಾರ?" ಎಂದು ನನ್ನನ್ನು ಕೇಳಿದ್ದರು. ಹಕ್ಕುಳ್ಳ ಸಂಸ್ಥೆಗೆ ನಾನು ಪತ್ರ ಬರೆದೆ. ಸಾಹಿತ್ಯದ ಒಂದು ಶಬ್ದವನ್ನೂ ಬದಲಿಸಬಾರದೆಂಬ ಷರತ್ತಿನೊಡನೆ ಅನುಮತಿ ಬಂತು.

ಹೀಗೆ ಹೊರಬಂದ ಹಾಡಿನ ಬಗ್ಗೆ ನಮ್ಮ ಹಳೆಯ ಕೇಳುಗರು ಹೇಳಿದ್ದನ್ನು ಅಂಕಣಗಳಲ್ಲಿ ತುಂಬುತ್ತಾ ಹೋದಂತೆ ನನ್ನ ಉತ್ಸಾಹ ಇಳಿಯಿತು. ಪೇಟಿಯ ದನಿ ಕೇಳಿಸುವುದಿಲ್ಲ ಎಂದರು ಕೆಲವರು. ಯಂತ್ರದ ಡ್ರಮ್ಮು ತಲೆಗೆ ಬಡಿಯುತ್ತದೆ ಎಂದರು ಹಲವರು. ಸಿನಿಮಾ ಹಾಡು ಮಾಸ್ತರರಿಗೆ ಒಪ್ಪುವುದಿಲ್ಲ ಎಂದು ಕಿತ್ತೂರಿನ ಹಿರಿಯರೊಬ್ಬರು ನಾಲ್ಕು ನಿಮಿಷ ಮಾತನಾಡಿ, ಕೊನೆಯಲ್ಲಿ ಅದೇ ಹಾಡನ್ನು ತಾವೇ ಗುನುಗಿ ಮುಗಿಸಿದ್ದರು. ಮುನವಳ್ಳಿಯಲ್ಲಿರುವ ನಿವೃತ್ತ ಬಸ್ ಕಂಡಕ್ಟರರು, ಮಾಸ್ತರರ ಮೊದಲ ಕ್ಯಾಸೆಟ್ಟಿನಿಂದ ಇಂದಿನವರೆಗೆ ಒಂದನ್ನೂ ಬಿಡದವರು, ವೃತ್ತಿಗೆ ತಕ್ಕಂತೆ ಆಕ್ಷೇಪಿಸಿದ್ದರು: "ಎಲ್ಲಾ ಬಸ್ಸು ಹೋದಮ್ಯಾಲ ಸ್ಟ್ಯಾಂಡಿನ್ಯಾಗ ಯಾಂವೂ ನಿಲ್ಲಂಗಿಲ್ರಿ, ನಾ ಕಂಡೇನಿ. ಅದು ಇರ್ಲಿ. ಮಾಸ್ತರಗ ಏನ ಗಡಿಬಿಡಿ ಇತ್ತು? ಯಾಕ ಹಂಗ ಓಡಸ್ಯಾರ?"

ನಾನು ಎಲ್ಲರಿಗೂ ಲಿಖಿತವಾಗಿ ಉತ್ತರಿಸಿದೆ. 'ತಮ್ಮ ಅಮೂಲ್ಯ ಅಭಿಪ್ರಾಯವನ್ನು ಗೌರವಪೂರ್ವಕವಾಗಿ ಪರಿಗಣಿಸಲಾಗಿದೆ' ಎಂಬ ವಾಕ್ಯದಿಂದ ಆರಂಭಿಸಿದ್ದೆ. ಕಂಡಕ್ಟರರಿಂದ ಮರುಕ್ಷಣವೇ ಧ್ವನಿ ಬಂತು: "ಅಕ್ಕಾರ, ನಾ ಪದದ ಮಾತ ಕೇಳಿದ್ರ ನೀವು ನೋಟೀಸ ಕಳಸೀರಲ್ರಿ."

ಆಕ್ಷೇಪಗಳನ್ನು ಎಣಿಸಿದಾಗ ಪೇಟಿ ಮತ್ತು ಡ್ರಮ್ಮು ಎಂಬ ಎರಡೇ ಮುಖ್ಯವಾಗಿ ಕಂಡವು. ಆದ್ದರಿಂದ ತಂತ್ರಜ್ಞ ಎರಡು ದಿನ ಕುಳಿತು ಯಂತ್ರದ ಡ್ರಮ್ಮನ್ನು ತೆಗೆದು, ತಬಲಾ ಮತ್ತು ತಾಳಗಳನ್ನು ಹೊಸದಾಗಿ ಮುದ್ರಿಸಿ ಸೇರಿಸಿದ. ಪೇಟಿಯನ್ನು ಮುಂದಕ್ಕೆ ತಂದ. ಆ ಎರಡನೆಯ ರೂಪವನ್ನು ಕೆಲವರಿಗೆ ಕಳಿಸಿದೆವು. ಉತ್ತರಗಳು ಸೌಜನ್ಯದಿಂದ ಕೂಡಿದ್ದವು, ಆದುದರಿಂದಲೇ ಹೆಚ್ಚು ನೋವಾಯಿತು. ಪೇಟಿ ಬಂತು, ಛಲೋ ಆಯಿತು, ಆದರೂ ಹಾಡು ಕೂಡುವುದಿಲ್ಲ ಎಂದರು. ಯಾಕೆಂದು ಕೇಳಿದರೆ ಯಾರಿಗೂ ಹೇಳಲು ಬರಲಿಲ್ಲ. ಸವದತ್ತಿಯ ಹೆಣ್ಣುಮಗಳೊಬ್ಬಳ ಸಂದೇಶವನ್ನು ಮಾತ್ರ ನಾನು ಮೂರು ಬಾರಿ ಕೇಳಿದೆ. "ದನಿ ಅವರದ ಐತ್ರಿ. ಆದ್ರ ನಾವು ಕಿಡಕಿ ಹೊರಗ ನಿಂತು ಕೇಳಿದಂಗ ಆತು. ಒಳಗ ಬರ್ರಿ ಅಂತ ಯಾರೂ ಅನ್ನಲಿಲ್ಲ." ಇದನ್ನು ಯಾವ ಅಂಕಣಕ್ಕೆ ಸೇರಿಸಬೇಕೆಂದು ತಿಳಿಯದೆ ಅಂಚಿನಲ್ಲಿ ಬರೆದಿಟ್ಟೆ.

ಮರುದಿನ ಮಾಸ್ತರರು ಮಹಡಿ ಹತ್ತಿ ಬಂದರು. ಎಲ್ಲ ಸಂದೇಶಗಳನ್ನೂ ತಮಗೆ ಕೇಳಿಸಬೇಕೆಂದರು. ಕೆಲವನ್ನು ಬಚ್ಚಿಡುವ ಮನಸ್ಸಾದರೂ ನಾನು ಅನುಕ್ರಮವಾಗಿ ಎಲ್ಲವನ್ನೂ ಕೇಳಿಸಿದೆ. ಅವರು ಕಂಡಕ್ಟರರ ಮಾತಿಗೆ ನಕ್ಕರು. ಸವದತ್ತಿಯ ಮಾತಿಗೆ ನಗಲಿಲ್ಲ. ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡು ಹೇಳಿದರು:

"ಅಕ್ಕಾರ, ಇವರೆಲ್ಲಾ ನನ್ನ ನಲವತ್ತೈದು ವರ್ಷ ಕೇಳಿದ ಮಂದಿ. ಅವರಿಗೆ ಬ್ಯಾಡಾದ್ದು ನನಗೂ ಬ್ಯಾಡ. ಅಮಾಸಿ ದಿನ ದೊಡವಾಡದ ಭಜನ್ಯಾಗ ಒಮ್ಮೆ ಹಚ್ಚಿ ನೋಡೂಣು. ಅಲ್ಲೂ ಕೂಡಲಿಲ್ಲಂದ್ರ ತಗದು ಬಿಡ್ರಿ. ಆಮ್ಯಾಲ ನಾ ಮೈಕಿನ ಮುಂದ ಕುಂಡರಂಗಿಲ್ಲ."

ಗುರುಗಳ ಆರು ಪದಗಳ ಗತಿಯೇನೆಂದು ನಾನು ಕೇಳಿದೆ. ಅವು ತಮ್ಮ ಸಂಗಡ ಬಂದವು, ಸಂಗಡವೇ ಹೋಗುತ್ತವೆ ಎಂದು ಅವರು ಮೆಟ್ಟಿಲಿಳಿದರು. ಅಮಾವಾಸ್ಯೆಗೆ ಹನ್ನೊಂದು ದಿನ ಉಳಿದಿತ್ತು.

ತಂತ್ರಜ್ಞ ಮೂರನೆಯ ರೂಪಕ್ಕೆ ಸಿದ್ಧನಾಗಿದ್ದ. ಕೊಳಲು ಸೇರಿಸೋಣವೇ ಎಂದ. ನಾನು ಬೇಡವೆಂದೆ. ನಾವು ಇದುವರೆಗೆ ಜನ ಹೇಳಿದ್ದನ್ನು ಕೇಳಿದ್ದೆವು. ಅವರು ಹಾಡು ಕೇಳುವುದನ್ನು ಒಮ್ಮೆಯೂ ನೋಡಿರಲಿಲ್ಲ. ಶಾಲೆಯಲ್ಲಿ ಉತ್ತರ ಪತ್ರಿಕೆಯಿಂದ ತಿಳಿಯದ ಎಷ್ಟೋ ಸಂಗತಿಗಳು ಬರೆಯುವ ಮಗುವಿನ ಮುಖ ನೋಡಿದರೆ ತಿಳಿಯುತ್ತಿದ್ದವು. ಸಣ್ಣ ಸ್ಪೀಕರನ್ನು ಚೀಲದಲ್ಲಿ ಹಾಕಿಕೊಂಡು ಮರುದಿನ ಬೆಳಗಿನ ಬಸ್ಸಿಗೆ ಮುನವಳ್ಳಿಗೆ ಹೊರಟೆ.

ಕಂಡಕ್ಟರರ ಮನೆಯ ಕಟ್ಟೆಯ ಮೇಲೆ ಚಹಾದ ಉಪಚಾರ ಮುಗಿದ ಮೇಲೆ ಮೊದಲು ಅವರ ಹಳೆಯ ಕ್ಯಾಸೆಟ್ಟನ್ನು ಹಾಕಿಸಿದೆ. ಅನಂತರ ನಮ್ಮ ಹಾಡನ್ನು ಕೇಳಿಸಿದೆ. ನಾನು ಸ್ಪೀಕರಿನತ್ತ ನೋಡದೆ ಅವರ ಮುಖವನ್ನೇ ನೋಡುತ್ತಿದ್ದೆ. ಕ್ಯಾಸೆಟ್ಟಿನಲ್ಲಿ ಮಾಸ್ತರರು ಒಂದು ಸಾಲು ಹಾಡಿ ನಿಲ್ಲಿಸುತ್ತಿದ್ದರು. ಭಜನೆಗೆ ಕುಳಿತ ಮಂದಿಯೆಲ್ಲ ಅದೇ ಸಾಲನ್ನು ತಿರುಗಿ ಹಾಡುತ್ತಿದ್ದರು. ಅವರ ಸಂಗಡ ಕಂಡಕ್ಟರರೂ ಹಾಡುತ್ತಿದ್ದರು. ನಮ್ಮ ಹಾಡಿನಲ್ಲಿ ಮೊದಲ ಸಾಲು ಮುಗಿಯಿತು. ಕಂಡಕ್ಟರರ ಎದೆ ಉಬ್ಬಿತು, ಬಾಯಿ ತೆರೆಯಿತು, ಚಪ್ಪಾಳೆಗೆ ಕೈ ಎದ್ದಿತು. ಅಷ್ಟರಲ್ಲಿ ಮಾಸ್ತರರ ಎರಡನೆಯ ಸಾಲು ಶುರುವಾಗಿಬಿಟ್ಟಿತು. ಅವರು ಬಾಯಿ ಮುಚ್ಚಿಕೊಂಡರು. ಎರಡನೆಯ ಸಾಲಿನ ಕೊನೆಗೂ ಹಾಗೆಯೇ ಆಯಿತು. ಮೂರನೆಯದಕ್ಕೆ ಕೈ ಎತ್ತುವುದನ್ನೂ ಬಿಟ್ಟು ಬೀದಿಯ ಕಡೆ ನೋಡುತ್ತಾ ಕುಳಿತರು.

ಒಬ್ಬರನ್ನು ನೋಡಿ ತೀರ್ಮಾನಕ್ಕೆ ಬರಬಾರದೆಂದು ಅದೇ ದಿನ ಮಧ್ಯಾಹ್ನ ರಾಮದುರ್ಗ ತಲುಪಿದೆ. ಅಲ್ಲಿ ಕೈಮಗ್ಗದಲ್ಲಿ ನೇಯುವ ಹೆಂಗಸೊಬ್ಬಳು ನಮಗೆ ಆಗಾಗ ಸಂದೇಶ ಕಳಿಸುತ್ತಿದ್ದಳು. ಕೆಲಸ ನಿಲ್ಲಿಸಬೇಡ, ನೇಯುತ್ತಲೇ ಕೇಳು ಎಂದೆ. ಹಳೆಯ ಪದಕ್ಕೆ ಅವಳ ಲಾಳಿ ಓಡಾಡುತ್ತಾ ಇತ್ತು, ಬಾಯಿ ಸಾಲುಗಳನ್ನು ತಿರುಗಿಸುತ್ತಾ ಇತ್ತು. ಹೊಸ ಹಾಡು ಹಚ್ಚಿದಾಗ ಪ್ರತಿ ಸಾಲಿನ ಕೊನೆಯಲ್ಲಿ ಲಾಳಿ ಒಂದು ಕ್ಷಣ ತಡೆಯುತ್ತಿತ್ತು. ಕೊನೆಗೆ ಅವಳು ಮಗ್ಗವನ್ನೇ ನಿಲ್ಲಿಸಿ ಅಂದಳು: "ಅಕ್ಕಾರ, ಮಾಸ್ತರು ಹಾಡತಾರ ಖರೆ. ನಾ ಯಾವಾಗ ಹಾಡ್ಲಿ?"

ಅಪರಾಧಿ ಯಾರೆಂದು ನನಗೆ ಆ ಕ್ಷಣವೇ ಹೊಳೆಯಿತು. ತಿರುಗಿ ಬರುವ ಬಸ್ಸಿನಲ್ಲಿ ಅದನ್ನು ಬೇರೆಯವರ ಮೇಲೆ ಹೊರಿಸುವ ದಾರಿಗಳನ್ನು ಹುಡುಕಿದ್ದೂ ಉಂಟು. ಕೋಣೆಗೆ ಬಂದು ಮಾಸ್ತರರ ಕೈಬರಹದ ಹಾಳೆಯನ್ನೂ ನನ್ನ ಶುದ್ಧ ಪ್ರತಿಯನ್ನೂ ಪಕ್ಕಪಕ್ಕದಲ್ಲಿಟ್ಟೆ. ಸಿನಿಮಾದಲ್ಲಿ ಒಮ್ಮೊಮ್ಮೆ ಬರುವ ಸಾಲುಗಳನ್ನು ಮಾಸ್ತರರು ತಮ್ಮ ರೂಢಿಯಂತೆ ಎರಡೆರಡು ಸಲ ಬರೆದಿದ್ದರು; ಒಂದು ತಮಗೆ, ಒಂದು ಮಂದಿಗೆ. ನಾನು ಪ್ರತಿ ಎರಡನೆಯ ಸಾಲಿನ ಮೇಲೆ ಅಚ್ಚುಕಟ್ಟಾಗಿ ಕೆಂಪು ಗೆರೆ ಎಳೆದಿದ್ದೆ. ಮೂಲಕ್ಕೆ ನಿಷ್ಠೆ ಮತ್ತು ಅನಗತ್ಯ ಆವರ್ತನೆಯ ನಿವಾರಣೆ, ಎರಡನ್ನೂ ಒಮ್ಮೆಗೇ ಸಾಧಿಸಿದೆನೆಂದು ಹೆಮ್ಮೆಪಟ್ಟಿದ್ದೆ. ತಂತ್ರಜ್ಞ ನನ್ನ ಪ್ರತಿಯಂತೆ ಹಿನ್ನೆಲೆ ಸಂಗೀತವನ್ನು ಕಟ್ಟಿದ. ಮಾಸ್ತರರು ಆ ಹಿನ್ನೆಲೆಯನ್ನು ಹೆಡ್‌ಫೋನಿನಲ್ಲಿ ಕೇಳಿಕೊಂಡು ಹಾಡಿದರು. ಭಜನೆಯ ಪದಗಳನ್ನು ಇಷ್ಟು ವರ್ಷ ಕ್ಯಾಸೆಟ್ಟಿನಿಂದ ಕೇಳಿ ಬರೆದುಕೊಂಡ ನಾನು, ಮಂಡಳಿಯ ನಡುವೆ ಕುಳಿತು ಒಂದು ಸಾಲನ್ನೂ ಹಾಡಿದವಳಲ್ಲ.

ಮರುದಿನ ತಂತ್ರಜ್ಞನನ್ನೂ ಮಾಸ್ತರರನ್ನೂ ಕೂರಿಸಿಕೊಂಡು ತಪ್ಪು ನನ್ನದೆಂದು ಹೇಳಿದೆ. ತಂತ್ರಜ್ಞ ಮೊದಲ ಬಾರಿಗೆ ನನ್ನನ್ನು ಕೆಣಕಲಿಲ್ಲ. ಮುದ್ರಣದ ದಿನವೇ ಯಾಕೆ ಹೇಳಲಿಲ್ಲವೆಂದು ಮಾಸ್ತರರನ್ನು ಕೇಳಿದೆ.

"ಅಕ್ಕಾರು ಗೆರಿ ಹೊಡದಾರ ಅಂದ್ರ ನನ್ನದ ತಪ್ಪಿದ್ದೀತು ಅನಕೊಂಡೆ," ಎಂದರು. "ಕಿವ್ಯಾಗ ಟಕ್ ಟಕ್ ಅಂತ ಬಡಿತಿತ್ತು, ಅದು ನಿಲ್ಲಾಕ ಬಿಡಲಿಲ್ಲ. ಹೊಸ ಕಾಲದ್ದು ಹಿಂಗ ಇರತೈತೇನೋ ಅಂತ ಸುಮ್ನಾದೆ."

ತಪ್ಪು ತಿಳಿದರೂ ತಿದ್ದುವುದು ಸುಲಭವಿರಲಿಲ್ಲ. ಸಾಲುಗಳ ನಡುವೆ ಜಾಗ ಬಿಟ್ಟರೆ ಅನುಮತಿಯ ಷರತ್ತು ಮುರಿದಂತಾಗುವುದೇ ಎಂದು ಸಂಸ್ಥೆಗೆ ಮತ್ತೊಂದು ಪತ್ರ ಬರೆದೆ. ಆಕ್ಷೇಪವಿಲ್ಲ ಎಂದು ಒಂದೇ ಸಾಲಿನ ಉತ್ತರ ಬರುವುದಕ್ಕೆ ನಾಲ್ಕು ದಿನ ಹಿಡಿಯಿತು. ಅಷ್ಟರೊಳಗೆ ತಂತ್ರಜ್ಞ ಕಂಪ್ಯೂಟರಿನಲ್ಲಿ ಪ್ರತಿ ಸಾಲಿನ ಕೊನೆಗೆ ಖಾಲಿ ಜಾಗ ಸೇರಿಸಿ ನೋಡಿದ. ವಿದ್ಯುತ್ತು ಹೋಗಿ ಬಂದಂತೆ ಕೇಳಿಸಿತು. ನಾಲ್ಕು ಜನರ ದನಿ ಮುದ್ರಿಸಿ ಆ ಜಾಗಗಳಲ್ಲಿ ತುಂಬಿದ. ಈಗ ಜಾಗವಿತ್ತು, ಆದರೆ ಅದರಲ್ಲಿ ಬೇರೆಯವರು ಕುಳಿತಿದ್ದರು. ಕೊನೆಗೆ ಮಾಸ್ತರರೇ ಪೇಟಿಯ ಒಂದು ಸ್ವರ, ತಬಲಾ, ತಾಳ ಇಷ್ಟೇ ಸಾಕೆಂದರು. ಉಳಿದ ಪ್ರಶ್ನೆ ಒಂದೇ: ಆ ಜಾಗ ಎಷ್ಟು ಉದ್ದ ಇರಬೇಕು? ಗಡಿಯಾರ ಹಿಡಿದು ಹಳೆಯ ಕ್ಯಾಸೆಟ್ಟುಗಳನ್ನು ಅಳೆದೆ. ಒಂದೇ ಪದದೊಳಗೇ ಒಂದು ಸಲ ಏಳು ಸೆಕೆಂಡು, ಒಂದು ಸಲ ಒಂಬತ್ತು. ಯಾವುದು ಸರಿಯೆಂದು ಮಾಸ್ತರರನ್ನು ಕೇಳಿದರೆ, "ಅದು ನನ್ನ ಕೈಯಾಗ ಇಲ್ರಿ. ಮಂದಿ ಬಿಟ್ಟಾಗ ನಾ ಹಿಡಿತೇನಿ," ಎಂದರು.

ಆಗ ನಾನು ಒಂದು ನಿರ್ಧಾರ ಮಾಡಿದೆ. ಹಾಡನ್ನು ಮೊದಲಿನಿಂದ ಮುದ್ರಿಸಬೇಕು. ಕಂಪ್ಯೂಟರಿನ ಟಕ್ ಟಕ್ ಇಲ್ಲದೆ, ಮಂದಿಯನ್ನು ಎದುರಿಗೆ ಕೂರಿಸಿಕೊಂಡು. ತಂತ್ರಜ್ಞ ತಲೆ ಹಿಡಿದುಕೊಂಡ. ಲಯ ಜಾರಿದರೆ ಸರಿಪಡಿಸಲು ಬರುವುದಿಲ್ಲ, ಒಂದೇ ಕೋಣೆಯಲ್ಲಿ ಎಲ್ಲರೂ ಹಾಡಿದರೆ ದನಿಗಳನ್ನು ಬೇರ್ಪಡಿಸಲು ಬರುವುದಿಲ್ಲ ಎಂದ. ಅವನ ಮಾತು ನಿಜವಾಗಿತ್ತು. ಸಂಸ್ಥೆಯ ಉತ್ತರ ಬಂದ ದಿನ ಅವನೇ ಪರಿಹಾರವನ್ನೂ ಹೇಳಿದ: ಮಂದಿ ಗಾಜಿನ ಆಚೆಯ ಸಣ್ಣ ಕೋಣೆಯಲ್ಲಿ ಕೂರಲಿ, ಹಾಡು ಅವರಿಗೆ ಹೆಡ್‌ಫೋನಿನಲ್ಲಿ ಕೇಳಲಿ, ಮಾಸ್ತರರು ಅವರ ತುಟಿ ನೋಡಿಕೊಂಡು ಹಾಡಲಿ.

ಅಮಾವಾಸ್ಯೆಗೆ ಮೂರು ದಿನ ಮೊದಲು, ಬೆಳಿಗ್ಗೆ ಆರಕ್ಕೆ ಸೇರಿದೆವು. ಎಂಟೂವರೆಯ ಮೇಲೆ ಮಾರುಕಟ್ಟೆಗೆ ಬರುವ ಲಾರಿಗಳ ಹಾರ್ನು ಶುರುವಾಗುವುದರಿಂದ ನಮ್ಮ ಮುದ್ರಣಕ್ಕೆ ಸಿಗುವುದು ಅಷ್ಟೇ ವೇಳೆ. ಕಂಡಕ್ಟರರು ಹಿಂದಿನ ದಿನವೇ ಬಂದು ನೆಂಟರ ಮನೆಯಲ್ಲಿ ಉಳಿದಿದ್ದರು. ಅವರೊಡನೆ ಊರಿನ ಭಜನೆಯ ಐದು ಜನ ಇದ್ದರು. ಮಾಸ್ತರರ ಪಕ್ಕದಲ್ಲಿ ತಬಲಾ ಮತ್ತು ತಾಳದವರು ಕುಳಿತರು. ಗಾಜಿನ ಆಚೆ ಇರುವವರು ಬಾಯಿ ಆಡಿಸಿದರೆ ಸಾಕು, ಜೋರು ಹಾಡಬೇಡಿ ಎಂದು ತಂತ್ರಜ್ಞ ಎರಡು ಸಲ ಹೇಳಿದ.

ಮೊದಲ ಪ್ರಯತ್ನ ಎರಡನೆಯ ಸಾಲಿಗೇ ಕೆಟ್ಟಿತು. ಕಂಡಕ್ಟರರ ದನಿ ಗಾಜು, ಬಾಗಿಲು, ಪರದೆ ಎಲ್ಲವನ್ನೂ ದಾಟಿ ಮಾಸ್ತರರ ಮೈಕಿಗೆ ಬಂದು ಸೇರಿತ್ತು. ತಂತ್ರಜ್ಞ ಬಾಗಿಲು ತೆರೆದು, ಸಾವಕಾಶ ಅಂದಿದ್ದೆನಲ್ಲ ಎಂದ. "ಸಾವಕಾಶನ ಹಾಡಿದೆನೋ ತಮ್ಮಾ," ಎಂದರು ಕಂಡಕ್ಟರರು. "ಜೋರ ಹಾಡಿದ್ರ ನಿನ್ನ ಗ್ಲಾಸ ಉಳೀತಿರಲಿಲ್ಲ." ಅವರಿಗೆ ಒಂದು ಟವೆಲ್ ಕೊಟ್ಟು ಬಾಯಿಯ ಮುಂದೆ ಹಿಡಿದುಕೊಳ್ಳುವಂತೆ ಮಾಡಿದೆವು. ಆದರೆ ತುಟಿ ಮರೆಯಾದ್ದರಿಂದ ಮಾಸ್ತರರಿಗೆ ಅವರ ಸಾಲು ಎಲ್ಲಿ ಮುಗಿಯಿತೆಂದು ತಿಳಿಯದೆ ಎರಡನೆಯ ಪ್ರಯತ್ನವೂ ಹೋಯಿತು. ಕೊನೆಗೆ ಅವರನ್ನು ಹಿಂದಿನ ಗೋಡೆಗೆ ಕಳಿಸಿ, ಬಾಗಿಲ ಸಂದಿಗೆ ಕಂಬಳಿ ತುರುಕಿದೆವು.

ಮೂರನೆಯ ಪ್ರಯತ್ನಕ್ಕೆ ಮಾಸ್ತರರು ಹೆಡ್‌ಫೋನ್ ತೆಗೆದಿಟ್ಟರು. ಮೊದಲ ಸಾಲು ಹಾಡಿ, ಪೇಟಿಯ ಒಂದು ಸ್ವರವನ್ನು ಒತ್ತಿ ಹಿಡಿದು, ಗಾಜಿನತ್ತ ಮುಖ ಎತ್ತಿದರು. ಆಚೆ ಆರು ಬಾಯಿಗಳು ತೆರೆದವು. ನನಗೆ ಅವರ ದನಿ ಕೇಳಿಸಲಿಲ್ಲ. ಕಂಡಕ್ಟರರ ಕುತ್ತಿಗೆಯ ನರ ಉಬ್ಬಿದ್ದು ಮಾತ್ರ ಕಂಡಿತು. ಅವರು ಬಿಟ್ಟಾಗ ಮಾಸ್ತರರು ಹಿಡಿದರು. ಹಾಡು ಮುಗಿಯುವವರೆಗೆ ತಂತ್ರಜ್ಞ ಯಾವ ಗುಂಡಿಯನ್ನೂ ಮುಟ್ಟಲಿಲ್ಲ. ಎಂಟು ಗಂಟೆ ಇಪ್ಪತ್ತು ನಿಮಿಷಕ್ಕೆ ಮುಗಿಯಿತು. ಲಯ ಎರಡು ಕಡೆ ಸ್ವಲ್ಪ ಜಾರಿದೆ ಎಂದು ಅವನು ಹೇಳಿದ. ಅಳಿಸಬೇಕೆ ಎಂದು ನನ್ನ ಮುಖ ನೋಡಿದ. ಬೇಡ ಎಂದೆ.

ಅಮಾವಾಸ್ಯೆಯ ಸಂಜೆ, ದನಗಳು ಮನೆಗೆ ಬರುವ ಹೊತ್ತಿಗೆ, ದೊಡವಾಡದಲ್ಲಿ ಭಜನೆ ಕೂಡಿತು. ಹಾಡಿನ ಬಗ್ಗೆ ಏನೂ ಹೇಳಬಾರದು, ಸುಮ್ಮನೆ ಹಚ್ಚಬೇಕು ಎಂಬುದು ಮಾಸ್ತರರ ಕಟ್ಟಪ್ಪಣೆ. ಅವರು ಪೇಟಿಯನ್ನು ಮುಂದೆ ಬಿಟ್ಟು ಹಿಂದಿನ ಕಂಬಕ್ಕೆ ಒರಗಿ, ಕೇಳುಗರ ನಡುವೆ ಕುಳಿತರು. ಅಂಗೈಗಳನ್ನು ಮೊಣಕಾಲಿನ ಮೇಲೆ ಇಟ್ಟುಕೊಂಡಿದ್ದರು. ನಲವತ್ತೈದು ವರ್ಷ ಆ ಜನರ ಎದುರಿಗೆ ಕುಳಿತವರು ಆ ದಿನ ಅವರ ಬೆನ್ನುಗಳನ್ನು ನೋಡುತ್ತಿದ್ದರು. ಕಂಡಕ್ಟರರು ಅವರ ಪಕ್ಕದಲ್ಲೇ ಇದ್ದರು.

ತಂತ್ರಜ್ಞ ಮೊಬೈಲಿನಿಂದ ಸ್ಪೀಕರಿನಲ್ಲಿ ಹಾಡು ಹಚ್ಚಿದ. ಮೊದಲ ಸಾಲು ಮುಗಿದು ಪೇಟಿಯ ಒಂದು ಸ್ವರವಷ್ಟೇ ಉಳಿಯಿತು. ಯಾರೂ ಹಾಡಲಿಲ್ಲ. ಈ ಹಾಡನ್ನು ಮೊದಲು ಕೇಳಿದವರೆಲ್ಲ ಇದರಲ್ಲಿ ತಮಗೆ ಕೆಲಸವಿಲ್ಲವೆಂದು ತಿಳಿದುಕೊಂಡಿದ್ದರು. ಮಾಸ್ತರರು ನೆಲ ನೋಡಿದರು. ಕಂಡಕ್ಟರರಿಗೆ ಒಂದು ಸನ್ನೆ ಮಾಡುವ ಆಸೆಯಾಯಿತು ನನಗೆ, ಮಾಡಲಿಲ್ಲ. ಅವರೂ ಹಟದಿಂದ ತುಟಿ ಬಿಗಿದಿದ್ದರು. ಎರಡನೆಯ ಸಾಲಿನ ಕೊನೆಗೆ, ಎಲ್ಲರಿಗಿಂತ ಮುಂದೆ ಕುಳಿತಿದ್ದ ಮುದುಕಿಯೊಬ್ಬಳು ತೂಕಡಿಕೆಯಿಂದ ಎದ್ದವಳಂತೆ ಸಾಲನ್ನು ತಿರುಗಿಸಿ ಹಾಡಿದಳು. ಆ ಜಾಗದಲ್ಲಿ ಅವಳೊಬ್ಬಳದೇ ದನಿ ಇತ್ತು. ಅವಳು ಬಿಟ್ಟ ಕೂಡಲೇ ಮಾಸ್ತರರ ದನಿ ಹಿಡಿಯಿತು. ಮೂರನೆಯ ಸಾಲಿಗೆ ಹತ್ತು ಜನ ಸೇರಿದರು. ನಾಲ್ಕನೆಯದಕ್ಕೆ ತಾಳಗಳು ಎದ್ದವು. ಅನಂತರ ಸ್ಪೀಕರಿನಲ್ಲಿರುವ ಮಾಸ್ತರರನ್ನು ಕೇಳಲು ಕಿವಿ ಚುರುಕು ಮಾಡಬೇಕಾಯಿತು.

ಕಂಬಕ್ಕೆ ಒರಗಿದ್ದ ಮಾಸ್ತರರೂ ತುಟಿ ಆಡಿಸುತ್ತಿದ್ದರು. ತಮ್ಮದೇ ದನಿಗೆ ಮಂದಿಯ ಸಂಗಡ ಉತ್ತರ ಕೊಡುತ್ತಿದ್ದರು. ಕಂಡಕ್ಟರರು ಅವರತ್ತ ಬಾಗಿ, "ಮಾಸ್ತರ, ನಿಮ್ಮ ದನಿ ಏಳವಲ್ದು. ಜೋರ ಬಿಡ್ರಿ," ಎಂದರು.

ಹಾಡು ಮುಗಿದಾಗ, ಸಿನಿಮಾದ್ದು ಭಜನೆಗೆ ಸಲ್ಲದು ಎಂದು ಹಿರಿಯರೊಬ್ಬರು ಹೇಳಿದರು. ಅವರ ಪಕ್ಕದವರು ಇನ್ನೊಮ್ಮೆ ಹಚ್ಚಿ ಎಂದರು. ತಂತ್ರಜ್ಞ ಮೊಬೈಲಿಗೆ ಕೈ ಚಾಚಿದ. ಮಾಸ್ತರರು ಎದ್ದು ಮುಂದೆ ಬಂದು, ಅದನ್ನು ಮನೆಯಲ್ಲಿ ಕೇಳಿಕೊಳ್ಳಿ ಎಂದು ಪೇಟಿಯನ್ನು ಹತ್ತಿರ ಎಳೆದುಕೊಂಡರು. ಅದಕ್ಕೆ ಗಾಳಿ ತುಂಬುವ ಭಾತೆಯನ್ನು ಎರಡು ಸಲ ಒತ್ತಿ ನೋಡಿ, ತಲೆ ಎತ್ತದೆಯೇ ತಂತ್ರಜ್ಞನಿಗೆ ಹೇಳಿದರು: "ಬುಧವಾರ ಆರಕ್ಕ ಬರತೇನಿ, ಬಾಗಲಾ ತಗದಿಡು. ಗುರುಗಳ ಪದ ಆರೂ ಅದಾವು. ಇವತ್ತ ಒಂದು ಇವರ ಮುಂದ ಹಾಡಿ ನೋಡತೇನಿ."

ಅಲ್ಲಿ ಯಾರೂ ಕೇಳಿರದ ಪದ ಅದು. ಎಲ್ಲರೂ ಮುಂದಕ್ಕೆ ಬಾಗಿ ಕುಳಿತರು. ಮೊದಲ ಸಾಲನ್ನು ಅವರು ನಿಧಾನವಾಗಿ ಹಾಡಿ, ಒಂದು ಸ್ವರವನ್ನು ಹಿಡಿದು, ನಮ್ಮತ್ತ ಮುಖ ಎತ್ತಿದರು. ನನ್ನ ಬಲಗೈಯಲ್ಲಿ ಪೆನ್ನಿತ್ತು. ಅದನ್ನು ಚೀಲದೊಳಗೆ ಹಾಕಿ, ಉಳಿದವರ ಸಂಗಡ ನಾನೂ ಬಾಯಿ ತೆರೆದೆ.